ಟರ್ಕಿ ಕೋಳಿ ಇಲ್ಲದಿದ್ರೆ ಕ್ರಿಸ್‌ಮಸ್‌ಗೆ ಏನು ಮಾಡ್ತೀರಿ?

ಏನೂ ಮಾಡಲ್ಲ. ಉಪವಾಸ ಮಲಗ್ತೇವೆ.

ಒಂದ್ಸಲ ಹೀಗೆ ಹೇಳಿಬಿಡಬೇಕು ಅಂತ ಪ್ರತಿ ಡಿಸೆಂಬರ್‌ನಲ್ಲೂ ಅನಿಸುತ್ತದೆ. ಆದರೆ ಆಫೀಸಿನ ಲಿಫ್ಟಿನಲ್ಲಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ, ಮಕ್ಕಳ ಬರ್ತ್‌ಡೇ ಪಾರ್ಟಿಯಲ್ಲಿ ಇದನ್ನು ಕೇಳುವವರೆಲ್ಲ ಒಳ್ಳೆಯವರೇ. ನಕ್ಕು ಉತ್ತರ ಕೊಟ್ಟೂ ಕೊಟ್ಟೂ ಸಾಕಾಗಿದೆ. ಈ ಸಲ ಬರೆದೇ ಬಿಡುತ್ತೇನೆ.

ನಾವು ಮಂಗಳೂರಿನ ಕಥೋಲಿಕರು, ಮನೆಮಾತು ಕೊಂಕಣಿ, ಈಗ ಇರೋದು ಬೆಂಗಳೂರಿನಲ್ಲಿ. ಕ್ರಿಸ್‌ಮಸ್ಸಿಗೆ ನಮ್ಮ ಮನೆಯಲ್ಲಿ ಹಂದಿ ಬಾಫತ್, ಅಂದರೆ ಹುಳಿ-ಖಾರದ ಮಸಾಲೆಯಲ್ಲಿ ಬೇಯಿಸಿದ ಹಂದಿಮಾಂಸ, ಮತ್ತು ಇಡ್ಲಿಯಂಥ ಸನ್ನ. ಹಂದಿ ತಿನ್ನದವರು ಬಂದರೆ ಇರಲಿ ಅಂತ ತೆಂಗಿನಹಾಲು ಹಾಕಿದ ಕೋಳಿ ಸಾರು. ಟರ್ಕಿ ಕೋಳಿ ಇಲ್ಲ. ಅಜ್ಜಿಯ ಕಾಲದಲ್ಲೂ ಇರಲಿಲ್ಲ. ಉತ್ತರ ಮುಗೀತು.

ಆದರೆ ಕೇಳಿದವರಿಗೆ ಮುಗಿದಿರಲ್ಲ. "ಓ, ಟರ್ಕಿ ಸಿಗಲ್ಲ ಅಂತ ಅದರ ಬದಲು ಪೋರ್ಕ್ ಮಾಡ್ತೀರಾ?" ಅಂತಾರೆ. ಇಲ್ಲಿಗೆ ನನ್ನ ಮೈ ಉರಿಯುತ್ತದೆ. ಕೇಕ್ ಸಿಗಲಿಲ್ಲ ಅಂತ ಯುಗಾದಿಗೆ ಹೋಳಿಗೆ ಮಾಡಿದ್ರಾ ಅಂತ ನಾನು ಯಾವತ್ತಾದರೂ ಯಾರನ್ನಾದರೂ ಕೇಳಿದ್ದೀನಾ?

ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಂಪನಿಯಲ್ಲಿ ಕ್ರಿಸ್‌ಮಸ್ ಊಟಕ್ಕೆ ಹೋಟೆಲಿನಿಂದ ಇಡೀ ಟರ್ಕಿ ತರಿಸಿದ್ದರು. ದೊಡ್ಡ ತಟ್ಟೆಯ ಮೇಲೆ ಕಾಲೆತ್ತಿಕೊಂಡು ಮಲಗಿತ್ತು, ಸುತ್ತ ಬೇಯಿಸಿದ ಕ್ಯಾರೆಟ್ಟು. ನಮ್ಮ ಬಾಸ್ ಒಂದು ಉದ್ದನೆಯ ಚಾಕು ನನ್ನ ಕೈಗಿಟ್ಟರು. "ನಿಮ್ಮ ಹಬ್ಬ, ನೀವೇ ಕಟ್ ಮಾಡಿ. ನಿಮಗೆ ಗೊತ್ತಿರುತ್ತಲ್ಲ." ಆ ಪಕ್ಷಿಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸುತ್ತಲೂ ಮೊಬೈಲುಗಳು ಎದ್ದವು. ತೊಡೆಯ ಹತ್ತಿರ ಚಾಕು ಇಟ್ಟೆ, ಚರ್ಮ ಜಾರಿತು. ಇನ್ನೊಂದು ಕಡೆ ಒತ್ತಿದೆ, ಮೂಳೆ ಸಿಕ್ಕಿತು. ಕೊನೆಗೆ ಬಡಿಸುತ್ತಿದ್ದ ಹುಡುಗ ಬಂದು, "ಬಿಡಿ ಮೇಡಂ, ನಾನು ನೋಡ್ಕೋತೀನಿ" ಅಂದ. ಕಾಲನ್ನು ಬಟ್ಟೆಯಲ್ಲಿ ಹಿಡಿದು ಹೊರಕ್ಕೆ ತಿರುಚಿದ, ಕೀಲು ಟಕ್ ಅಂತು, ಅಲ್ಲಿ ಚಾಕು ಹಾಕಿದ. ಆ ಹುಡುಗನಿಗೆ ನಾನು ಇವತ್ತಿಗೂ ಋಣಿ.

ರುಚಿಯ ವಿಷಯ ಹೇಳಲೇಬೇಕಾ? ಎದೆಯ ಮಾಂಸ ಒಣಕಲು. ಅದು ಅಡುಗೆಯವರ ತಪ್ಪೂ ಅಲ್ಲ. ಟರ್ಕಿಯ ಎದೆಯಲ್ಲಿ ಕೊಬ್ಬು ಕಡಿಮೆ, ಬೇಗ ಬೇಯುತ್ತದೆ. ತೊಡೆ ನಿಧಾನ. ತೊಡೆ ಬೇಯಲಿ ಅಂತ ಕಾಯುವಷ್ಟರಲ್ಲಿ ಎದೆ ಒಣಗಿರುತ್ತದೆ. ಅದಕ್ಕೇ ಟರ್ಕಿ ಮಾಡುವ ವಿದೇಶದವರು ಹಿಂದಿನ ದಿನವೇ ಉಪ್ಪುನೀರಿನಲ್ಲಿ ಮುಳುಗಿಸಿಡೋದು, ಮೇಲೆ ಗ್ರೇವಿ ಸುರಿಯೋದು.

ಅಷ್ಟರಲ್ಲಿ ಒಬ್ಬರು, "ನಿಮ್ಮನೇಲಿ ಮಾಡೋ ಟರ್ಕಿನೂ ಹೀಗೇ ಇರುತ್ತಾ?" ಅಂದರು. ಇಲ್ಲ, ನಮ್ಮನೇಲಿ ಹಂದಿ ಮಾಡೋದು ಅಂದೆ. ಪಕ್ಕದಲ್ಲಿದ್ದವರು ತಮ್ಮ ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿಕೊಂಡರು. ಆಗ ನನ್ನ ತಟ್ಟೆಯಲ್ಲಿ ಇದ್ದದ್ದು ಕೋಸಂಬರಿ.

ಟರ್ಕಿಯ ಬಗ್ಗೆ ಯಾಕೆ ಇಷ್ಟು ಕುತೂಹಲ ಅಂತ ಅವತ್ತು ಹೊಳೆಯಿತು. ಸಿನಿಮಾದಲ್ಲಿ ಕಂಡ ಕ್ರಿಸ್‌ಮಸ್ಸು ಯಾರಿಗೂ ಮುಜುಗರ ಮಾಡಲ್ಲ. ಪಕ್ಕದ ಮನೆಯ ಕುಕ್ಕರಿನಲ್ಲಿ ಬೇಯುವ ಕ್ರಿಸ್‌ಮಸ್ಸು ಮಾಡುತ್ತದೆ.

ಟರ್ಕಿ ನಮ್ಮ ಕರಾವಳಿಗೆ ಗೊತ್ತೇ ಇರಲಿಲ್ಲ ಅಂತಲೂ ಅಲ್ಲ. 1612ರಲ್ಲಿ ಮೊಘಲ್ ದೊರೆ ಜಹಾಂಗೀರನ ಅಧಿಕಾರಿ ಮುಕರ್ರಬ್ ಖಾನ್ ಗೋವಾಕ್ಕೆ ಹೋಗಿ, ವಿಚಿತ್ರ ವಸ್ತುಗಳ ಜೊತೆಗೆ ಒಂದು ಟರ್ಕಿ ಕೋಳಿಯನ್ನೂ ಕೊಂಡು ತಂದಿದ್ದ. ಅದರ ತಲೆ, ಕುತ್ತಿಗೆಯ ಬಣ್ಣ ಗಳಿಗೆಗೊಂದು ಥರ ಬದಲಾಗುವುದನ್ನು ನೋಡಿ ಜಹಾಂಗೀರ್ ಬೆರಗಾಗಿ ಬರೆದಿಟ್ಟ. ಆಸ್ಥಾನದ ಕಲಾವಿದ ಮನ್ಸೂರ್ ಅದರ ಚಿತ್ರ ಬರೆದ. ಆ ಚಿತ್ರ ಈಗಲೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ನಮ್ಮ ಹಿರಿಯರೂ ಗೋವಾದಿಂದಲೇ ಬಂದವರು. ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದ ಕಡೆಯಿಂದ ಟರ್ಕಿ ಬಂತು, ಮೆಣಸಿನಕಾಯಿಯೂ ಬಂತು. ನಮ್ಮವರು ಮೆಣಸಿನಕಾಯಿ ಇಟ್ಟುಕೊಂಡರು. ಬಾಫತ್ ತಿಂದ ಮೇಲೆ ಈ ಆಯ್ಕೆಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ಹಾಗೆ ನೋಡಿದರೆ ಪ್ರಪಂಚದಲ್ಲಿ ಎಷ್ಟೋ ಕಡೆ ಕ್ರಿಸ್‌ಮಸ್ಸಿಗೆ ಟರ್ಕಿ ಇರಲ್ಲ. ಜರ್ಮನಿಯಲ್ಲಿ ಬಾತುಕೋಳಿಯ ದೊಡ್ಡಣ್ಣ ಹೆಬ್ಬಾತು. ಜೆಕ್ ದೇಶದಲ್ಲಿ ಹಬ್ಬಕ್ಕೆ ಮುಂಚೆ ರಸ್ತೆ ಬದಿಯಲ್ಲಿ ದೊಡ್ಡ ತೊಟ್ಟಿಗಳನ್ನಿಟ್ಟು ಜೀವಂತ ಕಾರ್ಪ್ ಮೀನು ಮಾರುತ್ತಾರೆ. 24ರ ಸಂಜೆ ಅದನ್ನು ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದು ಆಲೂಗಡ್ಡೆ ಸಲಾಡ್ ಜೊತೆ ತಿನ್ನುತ್ತಾರೆ. ಜಪಾನಿನಲ್ಲಿ 1974ರ ಒಂದು ಜಾಹೀರಾತಿನ ನಂತರ ಕೆಎಫ್‌ಸಿ ಚಿಕನ್ನೇ ಕ್ರಿಸ್‌ಮಸ್ ಊಟ ಆಗಿಬಿಟ್ಟಿದೆ. ಫಿಲಿಪ್ಪೀನ್ಸಿನಲ್ಲಿ ಇಡೀ ಹಂದಿಯನ್ನೇ ಕೆಂಡದ ಮೇಲೆ ತಿರುಗಿಸುತ್ತಾರೆ. ಅವರು ನಮಗೆ ದೂರದ ನೆಂಟರು ಅಂತ ನನ್ನ ಅನಿಸಿಕೆ.

ಇನ್ನು ಬಾಫತ್. ಚರ್ಮ, ಕೊಬ್ಬು, ಮಾಂಸ ಮೂರೂ ಇರುವ ತುಂಡು ಬೇಕು. ಕೊಬ್ಬು ತೆಗೆಸಿ ತರುವವರು ಬೇರೆ ಏನಾದರೂ ಮಾಡಿಕೊಳ್ಳಲಿ. ಪುಡಿಗೆ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಿಶಿನ, ಚಕ್ಕೆ, ಲವಂಗ. ಈರುಳ್ಳಿ, ಶುಂಠಿ, ಹಸಿಮೆಣಸು, ಸ್ವಲ್ಪ ವಿನೆಗರ್ ಹಾಕಿ ಎಲ್ಲ ಒಟ್ಟಿಗೆ ಕಲಸಿ ಒಲೆಗೇರಿಸೋದು. ಎಣ್ಣೆ ಬೇಡ. ಮಾಂಸ ತನ್ನ ನೀರು ತಾನೇ ಬಿಡುತ್ತದೆ, ಆಮೇಲೆ ಕೊಬ್ಬು ಕರಗಿ ಮೇಲೆ ಕೆಂಪಗೆ ತೇಲುತ್ತದೆ. ಇದನ್ನು 24ಕ್ಕೇ ಮಾಡಿಟ್ಟು ಚರ್ಚಿನ ಮಧ್ಯರಾತ್ರಿಯ ಬಲಿಪೂಜೆಗೆ, ಅಂದರೆ ಮಾಸ್‌ಗೆ, ಹೋಗುವುದು. ಹುಳಿ, ಖಾರ ಒಳಗಿಳಿಯಲು ಒಂದು ರಾತ್ರಿಯಾದರೂ ಬೇಕು. ಸನ್ನ ಅಂದರೆ ನೋಡಲು ಇಡ್ಲಿಯ ಥರಾನೇ, ಆದರೆ ಊರಿನಲ್ಲಿ ಹಿಟ್ಟಿಗೆ ಕಳ್ಳು ಹಾಕಿ ಹುದುಗಿಸುತ್ತಿದ್ದರು. ಬೆಂಗಳೂರಿನಲ್ಲಿ ಯೀಸ್ಟ್ ಹಾಕುತ್ತೇನೆ. ಉಬ್ಬುತ್ತದೆ, ಆ ಪರಿಮಳ ಮಾತ್ರ ಬರಲ್ಲ.

ನಿಜ ಹೇಳಬೇಕೆಂದರೆ ನನಗೆ ಬೇರೆಯೇ ಪ್ರಶ್ನೆ ಬೇಕು. ಸೆಪ್ಟೆಂಬರ್ 8ಕ್ಕೆ ನಿಮ್ಮನೇಲಿ ಏನು ಊಟ ಅಂತ ಯಾರೂ ಯಾಕೆ ಕೇಳಲ್ಲ?

ಅವತ್ತು ಮೊಂತಿ ಫೆಸ್ತ್. ಮಾತೆ ಮರಿಯಮ್ಮನ ಹುಟ್ಟುಹಬ್ಬ, ನಮ್ಮ ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಹೂವು ಕೊಯ್ದು ಚರ್ಚಿಗೆ ಒಯ್ಯುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿಸಿ ಮನೆಮನೆಗೆ ಹಂಚುತ್ತಾರೆ, ಮಕ್ಕಳ ಕೈಗೆ ಕಬ್ಬು ಸಿಗುತ್ತದೆ. ಮನೆಗೆ ಬಂದು ಆ ತೆನೆಯ ಕಾಳು ಸುಲಿದು, ಪುಡಿ ಮಾಡಿ, ತೆಂಗಿನಹಾಲಿಗೋ ಪಾಯಸಕ್ಕೋ ಬೆರೆಸಿ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಆಮೇಲೆ ಬಾಳೆಲೆ ಊಟ. ಪೂರ್ತಿ ಸಸ್ಯಾಹಾರ. ಪಲ್ಯಗಳು ಮೂರು, ಐದು, ಏಳು, ಹೀಗೆ ಬೆಸ ಸಂಖ್ಯೆಯಲ್ಲೇ ಇರಬೇಕು. ಅಲಸಂಡೆ, ಬೆಂಡೆ, ಹೀರೆ, ಅಮಟೆಕಾಯಿ ಹಾಕಿದ ದಂಟು. ಅವತ್ತು ಮೀನು ಕೂಡ ಇಲ್ಲ. ಮಂಗಳೂರಿನವರು ಮೀನು ಬಿಡೋದು ಅಂದ್ರೆ ಎಂಥ ಭಕ್ತಿ ಅಂತ ಯೋಚಿಸಿ.

ಅಮೆರಿಕದಲ್ಲಿ ಟರ್ಕಿಯ ದೊಡ್ಡ ದಿನ ಅಂದರೆ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್. ಅದೂ ಸುಗ್ಗಿಗೆ ಕೃತಜ್ಞತೆ ಹೇಳುವ ಹಬ್ಬವೇ. ಅದಕ್ಕೆ ಸರಿಸಾಟಿ ನಮ್ಮಲ್ಲಿ ಯಾವುದು ಅಂತ ಕೇಳಿದರೆ ನಾನು ತೋರಿಸೋದು ಈ ಬಾಳೆಲೆಯನ್ನು. ಆದರೆ ಸೆಪ್ಟೆಂಬರಿನಲ್ಲಿ ರಜೆ ಹಾಕಿದರೆ "ಏನು, ಗಣೇಶ ಹಬ್ಬಕ್ಕಾ?" ಅನ್ನುತ್ತಾರೆ.

ಸರಿ, ಬರುವುದಾದರೆ ಬನ್ನಿ. ಮಾಂಸ ತಿನ್ನದವರು ಸೆಪ್ಟೆಂಬರ್ 8ಕ್ಕೆ, ಒಂದು ದಿನ ಮೊದಲೇ ಹೇಳಿ, ತರಕಾರಿ ಹೆಚ್ಚುವುದು ಜಾಸ್ತಿ ಇರುತ್ತದೆ. ಬಾಫತ್ ಬೇಕಾದವರು ಡಿಸೆಂಬರ್ 26ಕ್ಕೆ. 25ಕ್ಕೆ ಬೇಡ, ಮನೆ ತುಂಬ ನೆಂಟರಿರುತ್ತಾರೆ, ಬಾಫತ್ತೂ ಆ ಹೊತ್ತಿಗೆ ಇನ್ನೂ ಪೂರ್ತಿ ರುಚಿಗೆ ಬಂದಿರಲ್ಲ. ಡಬ್ಬಿ ತರುವವರು ಮುಚ್ಚಳ ಗಟ್ಟಿಯಾಗಿರುವುದನ್ನೇ ತನ್ನಿ.