ಗುಲ್ಮಾರ್ಗ್‌ಗೆ ಸ್ಕೀ ಮಾಡೋಕೆ ಹೊರಟಿದ್ರೆ ಇದನ್ನ ಓದ್ಕೊಂಡು ಹೋಗಿ

ಡಿಸೆಂಬರ್ ಬಂತು ಅಂದ್ರೆ ಬೆಂಗಳೂರಿನ ಸ್ನೇಹಿತರ ಮೆಸೇಜ್ ಶುರು ಆಗತ್ತೆ, ಗುಲ್ಮಾರ್ಗ್‌ಗೆ ಹೋಗ್ತಿದೀವಿ, ಯಾವ ಜಾಕೆಟ್ ತಗೊಳ್ಳೋದು, ಗೊಂಡೋಲಾ (ಬೆಟ್ಟದ ಮೇಲೆ ಕರ್ಕೊಂಡು ಹೋಗೋ ಕೇಬಲ್ ಕಾರ್) ಟಿಕೆಟ್ ಎಷ್ಟು ಮುಂಚೆ ಬುಕ್ ಮಾಡ್ಬೇಕು, ಮೇಲೆ ಹೋಗಿ ಸ್ಕೀ ಮಾಡ್ಕೊಂಡು ಇಳೀಬಹುದಾ ಅಂತ. ಜಾಕೆಟ್ಟು ಟಿಕೆಟ್ಟಿನ ವಿಷಯ ಎಲ್ಲಿ ಬೇಕಾದ್ರೂ ಸಿಗತ್ತೆ. ಆ ಕೊನೇ ಪ್ರಶ್ನೆಗೆ ಮಾತ್ರ ನೇರವಾಗಿ ಉತ್ತರ ಕೊಡೋರು ಕಮ್ಮಿ.

ಗುಲ್ಮಾರ್ಗ್ ಇರೋದೇ ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೋಲಾದ ಮೊದಲ ಹಂತ ನಿಮ್ಮನ್ನ ಕೊಂಗ್‌ಡೂರಿಗೆ ಬಿಡತ್ತೆ, ಅದು ಸುಮಾರು 3,080 ಮೀಟರ್. ಎರಡನೇ ಹಂತ ಅಫರ್ವಟ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರ್‌ಗೆ. ಟಿಕೆಟ್ ಯಾರಿಗೆ ಬೇಕಾದ್ರೂ ಕೊಡ್ತಾರೆ, ಫೋಟೋ ತೆಗೆಸ್ಕೊಳ್ಳೋಕೆ ಹೋಗೋ ಫ್ಯಾಮಿಲಿಗೂ ಸ್ಕೀ ಹೊತ್ಕೊಂಡು ಬಂದವರಿಗೂ ಒಂದೇ ಕ್ಯಾಬಿನ್ನು. ನಿಮಗೆ ಸ್ಕೀ ಬರತ್ತಾ ಅಂತ ಕೌಂಟರ್‌ನಲ್ಲಿ ಯಾರೂ ಪರೀಕ್ಷೆ ಮಾಡಲ್ಲ. ಹಾಗಾಗಿ ಟಿಕೆಟ್ ಸಿಕ್ತು ಅಂದ್ರೆ ಅಲ್ಲಿಂದ ಸ್ಕೀ ಮೇಲೆ ಇಳೀಬಹುದು ಅಂತ ದಯವಿಟ್ಟು ಅಂದ್ಕೋಬೇಡಿ. ಯೂರೋಪ್ ಅಮೆರಿಕದ ರೆಸಾರ್ಟ್‌ಗಳಲ್ಲಿ ಮಷೀನ್ ಓಡಿಸಿ ಹಿಮ ಸಮ ಮಾಡಿ, ಸುಲಭದ್ದು ಯಾವುದು ಕಷ್ಟದ್ದು ಯಾವುದು ಅಂತ ಬಣ್ಣದ ಬೋರ್ಡ್ ಹಾಕಿರ್ತಾರಲ್ಲ, ಎರಡನೇ ಹಂತದ ಮೇಲೆ ಆ ಥರದ್ದನ್ನ ನಿರೀಕ್ಷೆ ಮಾಡ್ಬೇಡಿ. ಇಳಿಜಾರಿನ ಸುರಕ್ಷತೆ ನೋಡ್ಕೊಳ್ಳೋ ಸ್ಕೀ ಪೆಟ್ರೋಲ್‌ನವರು ಹಿಮ ಬಿದ್ದ ಮೇಲೆ ಸ್ಫೋಟಕ ಹಾಕಿ ಸಡಿಲ ಹಿಮ ಉರುಳಿಸಿ ಸುರಕ್ಷಿತ ಅಂತ ಬಿಟ್ಟುಕೊಡೋದು ಗೊಂಡೋಲಾ ಪಕ್ಕದ, ಬಟ್ಟಲಿನ ಥರ ಇರೋ ಬೌಲ್ ಅನ್ನೋ ಭಾಗವನ್ನ ಮಾತ್ರ. ಅದರ ಆಚೆ ಎಡಕ್ಕೂ ಬಲಕ್ಕೂ ಇರೋದು ಬರೀ ಬೆಟ್ಟ.

ಹಿಮಕುಸಿತದ ಬಗ್ಗೆ, ಅಂದ್ರೆ ಬೆಟ್ಟದ ಮೇಲಿನ ಹಿಮ ಒಟ್ಟಿಗೆ ಜಾರಿ ಬರೋ ಅವಲಾಂಚ್ ಬಗ್ಗೆ ಮಾತಾಡಿದ್ರೆ ಹೆದರಿಸ್ತೀಯಾ ಅಂತಾರೆ, ಆದ್ರೂ ಹೇಳಲೇಬೇಕು. 2010ರ ಫೆಬ್ರವರಿಯಲ್ಲಿ ಗುಲ್ಮಾರ್ಗ್ ಹತ್ರದ ಖಿಲನ್‌ಮಾರ್ಗ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ 17 ಸೈನಿಕರು ತೀರಿಕೊಂಡ್ರು, ಅವರು ಹಿಮದಲ್ಲಿ ಬದುಕೋದನ್ನೇ ಕಲಿಸೋ ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್‌ನವರು. 2023ರ ಫೆಬ್ರವರಿ 1ಕ್ಕೆ ಅಫರ್ವಟ್‌ನಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಹೀಗೇ ತೀರಿಕೊಂಡ್ರು. 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು. ಇವರ್ಯಾರೂ ಹಿಮ ಮೊದಲ ಸಲ ನೋಡಿದವರಲ್ಲ.

ಹಿಮಕುಸಿತ ಆಗೋದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಲ್ಲಿ, ಅಂದ್ರೆ ಸ್ಕೀ ಮಾಡೋಕೆ ಮಜಾ ಕೊಡೋ ಇಳಿಜಾರಲ್ಲೇ. ತೆಳ್ಳಗೆ ಹಿಮ ಇದ್ದು ಚಳಿ ಜಾಸ್ತಿ ಆದಾಗ ತಳದ ಹಿಮ ಸಕ್ಕರೆ ಥರ ಉದುರುದುರಾಗತ್ತೆ, ಅದರ ಮೇಲೆ ಒಂದೇ ಸಲ ಅಡಿಗಟ್ಟಲೆ ಹೊಸ ಹಿಮ ಕೂತ್ರೆ ಹಿಡಿತ ಇರಲ್ಲ, ಒಬ್ಬ ಮನುಷ್ಯನ ತೂಕಕ್ಕೇ ಇಡೀ ಪದರ ಜಾರಿಬಿಡತ್ತೆ, ಹೀಗೆ ಸಿಕ್ಕಿಕೊಂಡವರಲ್ಲಿ ಬಹುಪಾಲು ಜನರ ಮೇಲೆ ಬಿದ್ದಿದ್ದು ಅವರೋ ಅವರ ಜೊತೆಯವರೋ ಸಡಿಲಿಸಿದ ಹಿಮಾನೇ. ಹೂತುಹೋದವರನ್ನ ಮೊದಲ 10–15 ನಿಮಿಷದಲ್ಲಿ ತೆಗೆದ್ರೆ ಬದುಕೋ ಚಾನ್ಸ್ ಚೆನ್ನಾಗಿರತ್ತೆ, ಆಮೇಲೆ ಸರ್ರಂತ ಇಳಿಯತ್ತೆ. ಅಷ್ಟರೊಳಗೆ ಕೆಳಗಿಂದ ಯಾರೂ ಬರೋಕಾಗಲ್ಲ, ಪಕ್ಕದಲ್ಲಿರೋರೇ ಹುಡುಕಿ ಅಗೀಬೇಕು. ಅದಕ್ಕೇ ಹೂತವರು ಎಲ್ಲಿದಾರೆ ಅಂತ ಸಿಗ್ನಲ್‌ನಿಂದ ತೋರಿಸೋ ಬೀಕನ್, ಹಿಮಕ್ಕೆ ಚುಚ್ಚಿ ಹುಡುಕೋ ಉದ್ದದ ಪ್ರೋಬ್ ಕೋಲು, ಸಲಿಕೆ ಮೂರೂ ಪ್ರತಿಯೊಬ್ಬರ ಹತ್ರ ಇರಬೇಕು ಅನ್ನೋದು, ಮತ್ತೆ ಬಳಸೋಕೆ ಪ್ರ್ಯಾಕ್ಟೀಸ್ ಆಗಿರಬೇಕು. ಬ್ಯಾಗಲ್ಲಿ ಬೀಕನ್ ಇಟ್ಕೊಂಡು ಆನ್ ಮಾಡೋದು ಗೊತ್ತಿಲ್ಲ ಅಂದ್ರೆ ಅದು ಇದ್ದೂ ಇಲ್ಲದ ಹಾಗೇ. ಇದೆಲ್ಲ ಇಲ್ವಾ, ಗೈಡ್ ಇಲ್ವಾ, ಹಾಗಾದ್ರೆ ಎರಡನೇ ಹಂತಕ್ಕೆ ಹೋಗಿ ಬೆಟ್ಟ ನೋಡಿ ಟೀ ಕುಡಿದು ಅದೇ ಗೊಂಡೋಲಾದಲ್ಲಿ ವಾಪಸ್ ಬನ್ನಿ. ಜಮ್ಮು ಕಾಶ್ಮೀರದ ಹಿಮಕುಸಿತ ಎಚ್ಚರಿಕೆ ಜಿಲ್ಲಾವಾರು ಬರತ್ತೆ, ಗುಲ್ಮಾರ್ಗ್ ಬಾರಾಮುಲ್ಲಾ ಜಿಲ್ಲೆಗೆ ಸೇರತ್ತೆ, ಬೆಳಗ್ಗೆ ಹೊರಡೋ ಮುಂಚೆ ನೋಡಿ.

ಇದು ಮೇಲಿನ ಕಥೆ. ನಮ್ಮ ಕಡೆಯಿಂದ ಹೋಗೋರು ಹೆಚ್ಚಾಗಿ ಏಟು ಮಾಡ್ಕೊಳ್ಳೋದು ಮಾತ್ರ ಕೆಳಗೆ, ಸ್ಕೀ ಹಾಕ್ಕೊಂಡವರನ್ನ ಮೇಲಕ್ಕೆ ಎಳೆಯೋ ಡ್ರ್ಯಾಗ್ ಲಿಫ್ಟ್ ಹತ್ರ, ಹೊಸಬರು ಕಲಿಯೋ ಚಿಕ್ಕ ಇಳಿಜಾರಲ್ಲಿ. ಇಷ್ಟು ಚಿಕ್ಕದಲ್ವಾ ಇನ್‌ಸ್ಟ್ರಕ್ಟರ್ ಯಾಕೆ ಅಂತ ಶೂ ಕಟ್ಕೊಂಡು ಹೊರಟೇಬಿಡ್ತಾರೆ. ನಿಲ್ಲೋದು ಕಲೀದೆ ಜಾರೋದು ಕಲೀಬೇಡಿ. ಮೊದಲ ದಿನ ಪೂರ್ತಿ ಸ್ನೋಪ್ಲೋ (ಎರಡೂ ಸ್ಕೀಗಳ ಮುಂತುದಿ ಹತ್ರ ತಂದು ಹಿಂಭಾಗ ಅಗಲಿಸೋದು) ಮಾಡಿ ನಿಲ್ಲೋದು, ಬಿದ್ದು ಏಳೋದು, ಇಷ್ಟೇ ಆದ್ರೂ ಪರವಾಗಿಲ್ಲ. ಹಿಮ ಬೀಳದ ಊರಿನವರಿಗೆ ಇದು ಬರಲ್ಲ ಅಂತ ನಾನು ಹೇಳ್ತಿಲ್ಲ, ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಇದೇ ಗುಲ್ಮಾರ್ಗ್‌ನಲ್ಲಿ ಖೇಲೋ ಇಂಡಿಯಾ ವಿಂಟರ್ ಗೇಮ್ಸ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದುಕೊಟ್ಟಿದಾರೆ, ನನಗೆ ಅದು ಎಷ್ಟು ಹೆಮ್ಮೆ ಅಂದ್ರೆ ಸಿಕ್ಕಿದವರಿಗೆಲ್ಲ ಹೇಳ್ತಿರ್ತೀನಿ. ಕಲಿಸೋಕೆ ಅಲ್ಲಿ ಜನ ಇದಾರೆ, ಕೇಂದ್ರ ಸರ್ಕಾರದ್ದೇ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ.

ಬಾಡಿಗೆ ಅಂಗಡಿಯಲ್ಲಿ ಅವಸರ ಮಾಡ್ಬೇಡಿ. ಸ್ಕೀಗೆ ಶೂ ಹಿಡಿದಿಡೋ ಬೈಂಡಿಂಗ್‌ನಲ್ಲಿ ಒಂದು ನಂಬರ್ ಇರತ್ತೆ, ನಿಮ್ಮ ತೂಕ, ಎತ್ತರ, ವಯಸ್ಸು, ಶೂ ಅಳತೆ, ಎಷ್ಟು ಕಲ್ತಿದೀರಾ ಅನ್ನೋದನ್ನೆಲ್ಲ ನೋಡಿ ಅದನ್ನ ಸೆಟ್ ಮಾಡ್ಬೇಕು. ಜಾಸ್ತಿ ಬಿಗಿ ಇದ್ರೆ ಬಿದ್ದಾಗ ಸ್ಕೀ ಕಳಚಲ್ಲ, ಕಾಲು ತಿರುಚಿ ಮಂಡಿಯ ಲಿಗಮೆಂಟ್ ಹರಿಯತ್ತೆ. ಹಿಂದೆ ಬಂದವರಿಗೆ ಹಾಕಿದ ಸೆಟ್ಟಿಂಗ್ ನಿಮಗೆ ಆಗಲ್ಲ, ಅಂಗಡಿಯವರು ತೂಕ ಕೇಳದೇ ಸ್ಕೀ ಕೊಟ್ರೆ ನೀವೇ ಕೇಳಿ ಸೆಟ್ ಮಾಡಿಸ್ಕೊಳ್ಳಿ. ಸ್ನೋಬೋರ್ಡ್ ಬೈಂಡಿಂಗ್ ಅಂತೂ ಬಿದ್ರೂ ಕಳಚೋದೇ ಇಲ್ಲ, ಅಲ್ಲಿ ಕೈ ಊರಿ ಬಿದ್ದು ಮಣಿಕಟ್ಟು ಮುರ್ಕೊಳ್ಳೋರೇ ಜಾಸ್ತಿ, ಹಾಗಾಗಿ ಮಣಿಕಟ್ಟಿಗೆ ಗಾರ್ಡ್ ಹಾಕಿ, ಬೀಳುವಾಗ ಅಂಗೈ ಚಾಚದೆ ಮುಷ್ಟಿ ಕಟ್ಟಿ.

ಹೆಲ್ಮೆಟ್ ವಿಷಯಕ್ಕೆ ಬರ್ತೀನಿ. 2009ರ ಮಾರ್ಚ್‌ನಲ್ಲಿ ನಟಿ ನತಾಶಾ ರಿಚರ್ಡ್‌ಸನ್ ಕೆನಡಾದ ಮಾಂಟ್ ಟ್ರೆಂಬ್ಲಾಂಟ್‌ನಲ್ಲಿ ಹೊಸಬರ ಇಳಿಜಾರಲ್ಲಿ, ಪಾಠದ ಹೊತ್ತಲ್ಲೇ ಬಿದ್ರು. ಹೆಲ್ಮೆಟ್ ಇರಲಿಲ್ಲ. ಎದ್ದು ಮಾತಾಡಿದ್ರು, ಏನೂ ಆಗಿಲ್ಲ ಅಂದ್ರು, ಡಾಕ್ಟರ್ ಬೇಡ ಅಂದ್ರು. ಆಮೇಲೆ ತಲೆನೋವು ಶುರುವಾಯ್ತು, ತಲೆಬುರುಡೆ ಒಳಗೆ ರಕ್ತ ಸುರಿದು ಎರಡು ದಿನದಲ್ಲಿ ತೀರಿಕೊಂಡ್ರು. ಅದಕ್ಕೇ ತಲೆಗೆ ಏಟು ಬಿದ್ದವರು ಚೆನ್ನಾಗೇ ಇದೀನಿ ಅಂದ್ರೂ ಅವತ್ತು ಮತ್ತೆ ಸ್ಕೀ ಹತ್ತಿಸ್ಬೇಡಿ, ರೂಮಲ್ಲಿ ಒಬ್ಬರನ್ನೇ ಬಿಡ್ಬೇಡಿ, ತಲೆನೋವು, ವಾಂತಿ, ತೊದಲು ಮಾತು ಕಂಡ್ರೆ ಕಾಯದೆ ಆಸ್ಪತ್ರೆಗೆ ಹೊರಡಿ. ದೊಡ್ಡಾಸ್ಪತ್ರೆ ಅಂದ್ರೆ ಶ್ರೀನಗರ, ಸುಮಾರು 50 ಕಿಲೋಮೀಟರು, ಅದೂ ಹಿಮದ ರಸ್ತೆ.

ಇಳಿಜಾರಲ್ಲಿ ಮುಂದೆ ಇರೋರಿಗೆ ಹಿಂದೆ ಕಣ್ಣಿರಲ್ಲ, ಅವರನ್ನ ತಪ್ಪಿಸ್ಕೊಂಡು ಹೋಗೋ ಜವಾಬ್ದಾರಿ ಮೇಲಿಂದ ಬರೋರದ್ದು. ಅಂತರರಾಷ್ಟ್ರೀಯ ಸ್ಕೀ ಫೆಡರೇಷನ್ ಮಾಡಿರೋ 10 ನಿಯಮಗಳಲ್ಲಿ ಇದೂ ಒಂದು. ಆದ್ರೆ ಕೆಳಗಿರೋರೂ ಉಬ್ಬಿನ ಮರೆಯಲ್ಲಿ ಗುಂಪಾಗಿ ನಿಲ್ಲಬಾರದು, ಅದು ಚಾರ್ಮಾಡಿ ಘಾಟಿ ತಿರುವಲ್ಲಿ ಕಾರ್ ನಿಲ್ಸಿ ಸೆಲ್ಫಿ ತಗೊಂಡ ಹಾಗೆ. ಗುಲ್ಮಾರ್ಗ್‌ನ ಹೊಸಬರ ಜಾಗದಲ್ಲಿ ಸ್ಲೆಜ್ ಎಳೆಯೋರು, ನಡೆದಾಡೋ ಟೂರಿಸ್ಟ್‌ಗಳು, ಮಕ್ಕಳು ಎಲ್ಲರೂ ಇರ್ತಾರೆ, ಮಧ್ಯಾಹ್ನ ರಶ್ ಆದಾಗ ಬಿಟ್ಟು ಬೆಳಗ್ಗೆನೇ ಮುಗಿಸಿ. ಸಂಜೆ ಕಾಲು ಸೋತಿರತ್ತೆ, ಇನ್ನೊಂದೇ ರೌಂಡ್ ಅಂತ ಹೋಗೋದು ನನಗಂತೂ ಇಷ್ಟ ಇಲ್ಲ.

ಮಿಕ್ಕಿದ್ದು ಬೇಗ ಹೇಳ್ತೀನಿ. ಜೀನ್ಸ್, ಕಾಟನ್ ಬೇಡ, ಒದ್ದೆಯಾದ್ರೆ ಮೈ ಬಿಸಿ ಹೀರತ್ತೆ. ಹೊಸ ಹಿಮ ಬಿಸಿಲಿನ ಅಲ್ಟ್ರಾವಯೊಲೆಟ್ ಕಿರಣಗಳಲ್ಲಿ 80 ಪರ್ಸೆಂಟ್‌ವರೆಗೂ ವಾಪಸ್ ಮುಖಕ್ಕೇ ಎಸೆಯತ್ತೆ, ಮೋಡ ಇದ್ರೂ ಗಾಗಲ್ಸ್, ಸನ್‌ಸ್ಕ್ರೀನ್ ಬೇಕು. ಬೆಂಗಳೂರಿಂದ ಬಂದ ದಿನವೇ ಅಫರ್ವಟ್ ಹತ್ತಬೇಡಿ, ಎತ್ತರಕ್ಕೆ ತಲೆನೋವು ವಾಕರಿಕೆ ಬಂದ್ರೆ ಕೆಳಗಿಳಿಯೋದೇ ಔಷಧಿ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಸ್ಕೀಯಿಂಗ್ ಅಂತ ಬರೆದಿದೆಯಾ ಓದಿ ನೋಡಿ. ಇನ್ನೊಂದು ಬಹಳ ಜನಕ್ಕೆ ಗೊತ್ತೇ ಇರಲ್ಲ, ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ಕೆಲಸ ಮಾಡಲ್ಲ, ಗ್ರೂಪ್‌ನಲ್ಲಿ ಇಬ್ಬರ ಹತ್ರ ಆದ್ರೂ ಪೋಸ್ಟ್‌ಪೇಯ್ಡ್ ಇರಲಿ, ಆ ಇಬ್ಬರೂ ಒಂದೇ ಕಡೆ ಸ್ಕೀ ಮಾಡದೆ ಒಬ್ಬರು ಹೊಸಬರ ಜೊತೆ ಕೆಳಗೇ ಇರಲಿ.