ಲಕ್ಷ ಕಿಲೋಮೀಟರ್ ದಾಟಿದ ಕಾರು ತಗೋಬಹುದಾ?

"ಒಂದೂವರೆ ಲಕ್ಷ ಓಡಿದೆಯಂತೆ, ತಗೋಬಹುದಾ?" ಸೆಕೆಂಡ್ ಹ್ಯಾಂಡ್ ಕಾರು ಹುಡುಕುವ ನೆಂಟರು, ಸ್ನೇಹಿತರು ಎಲ್ಲರೂ ನನ್ನನ್ನು ಕೇಳುವುದು ಇದನ್ನೇ. ನಾನು ತಿರುಗಿ ಕೇಳುವುದು ಒಂದೇ: ಆರ್‌ಸಿಯಲ್ಲಿ ರಿಜಿಸ್ಟ್ರೇಷನ್ ತಾರೀಕು ಯಾವತ್ತಿನದು?

ಮೀಟರ್ ನೋಡಿರುತ್ತಾರೆ, ತಾರೀಕು ನೋಡಿರುವುದಿಲ್ಲ. ಸ್ವಂತ ಬಳಕೆಯ ಕಾರಿನ ಆರ್‌ಸಿ ನಡೆಯುವುದು 15 ವರ್ಷ. ಆಮೇಲೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಮಾಡಿಸಿ, ಹಸಿರು ತೆರಿಗೆ ಕಟ್ಟಿ, 5 ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಬೇಕು. ಮೊದಲು 600 ರೂಪಾಯಿ ಇದ್ದ ರಿನ್ಯೂ ಫೀಸು 2022ರ ಏಪ್ರಿಲ್‌ನಿಂದ 5,000 ಆಯಿತು. ಹಾಗಾಗಿ 14 ವರ್ಷದ ಗಾಡಿ ಎಷ್ಟು ಕಡಿಮೆ ಓಡಿದ್ದರೂ ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ನಾನು ತಗೊಂಡದ್ದು ಏಳು ವರ್ಷ ಹಳೆಯ ಡೀಸೆಲ್ ಡಿಸೈರ್. ಆಗಲೇ 1.62 ಲಕ್ಷ ಓಡಿತ್ತು. ಅದೇ ವಾರ 41,000 ಓಡಿದ ಇನ್ನೊಂದು ಕಾರನ್ನೂ ನೋಡಿದ್ದೆ, ಬಿಟ್ಟೆ. ಡಿಸೈರ್ ಓನರ್ ವಾರಕ್ಕೊಮ್ಮೆ ಹಾಸನ–ಬೆಂಗಳೂರು ಓಡಾಡುತ್ತಿದ್ದವರು. ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಿದ ಎಂಜಿನ್ ಅಷ್ಟಾಗಿ ಸವೆಯುವುದಿಲ್ಲ. ಪ್ರತಿ ಸರ್ವಿಸ್ ಬಿಲ್ಲಿನಲ್ಲೂ ಕಿಲೋಮೀಟರ್ ಬರೆದಿತ್ತು, ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಗಿತ್ತು. ಇನ್ನೊಂದು ಕಾರು ಸಿಟಿಯ ಬೇಸ್‌ಮೆಂಟಿನಲ್ಲಿ ನಿಂತಿದ್ದೇ ಹೆಚ್ಚು. ಓಡದಿದ್ದರೂ ರಬ್ಬರ್ ಪೈಪು, ಬೆಲ್ಟು, ಟೈರು ಹಳತಾಗುತ್ತವೆ. ಟೈರಿನ ಪಕ್ಕದಲ್ಲಿರುವ ಕೋಡಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ, ನೋಡಿ. 3813 ಅಂದರೆ 2013ನೇ ಇಸವಿಯ 38ನೇ ವಾರದಲ್ಲಿ ತಯಾರಾದದ್ದು.

ಮೀಟರನ್ನು ಹಿಂದಕ್ಕೆ ತಿರುಗಿಸುವವರೂ ಇದ್ದಾರೆ. 40,000 ಅನ್ನುವ ಗಾಡಿಯ ಕ್ಲಚ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿದ್ದರೆ ಆ ಮೀಟರ್ ನಂಬಬೇಡಿ.

ನಾನು ಕೈಬಿಡದ ಪರೀಕ್ಷೆ ಒಂದಿದೆ. ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಹೋಗುವುದು. ಒಮ್ಮೆ ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು. "ನೀವು ಬರ್ತೀರಿ ಅಂತ ಒಂದು ರೌಂಡ್ ಹೊಡ್ಕೊಂಡು ಬಂದೆ ಸಾರ್" ಅಂದರು ಓನರ್. ಮಾರನೇ ದಿನ ಹೇಳದೆ ಬೆಳಿಗ್ಗೆಯೇ ಹೋದೆ. ಸ್ಟಾರ್ಟ್ ಮಾಡಿದ ಕೂಡಲೇ ಹಿಂದಿನಿಂದ ನೀಲಿ ಹೊಗೆ. ಎಂಜಿನ್ ಒಳಗೆ ಆಯಿಲ್ ಸುಡುತ್ತಿತ್ತು. ಡೀಸೆಲ್ ಗಾಡಿಯಾದರೆ ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳವನ್ನೂ ಮೆಲ್ಲಗೆ ಸಡಿಲಿಸಿ. ಬುಸುಬುಸು ಅಂತ ಹೊಗೆ ಜೋರಾಗಿ ಬಂದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಹೋಗಿದೆ ಅಂತಲೇ ತಿಳಿಯಿರಿ, ವಾಪಸ್ ಬನ್ನಿ. ಡಿಸೈರಿನ ಆ 1.3 ಲೀಟರ್ ಎಂಜಿನ್‌ಗೆ, ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಇಲ್ಲ, ಅದರ ಬದಲು ಚೈನ್ ಇದೆ. ತಣ್ಣಗಿರುವಾಗ ಅದು ಕಟಕಟ ಅಂತ ಸದ್ದು ಮಾಡುತ್ತಲೇ ಇದ್ದರೆ ದೊಡ್ಡ ಖರ್ಚು ಕಾದಿದೆ.

ಕರಾವಳಿಯಲ್ಲಿ ಓಡಿದ ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ಅಡಿಯಲ್ಲಿ ತುಕ್ಕು ನೋಡಿ. 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ ದೆಹಲಿಯಲ್ಲಿ ನಿಯಮ ಬಂದ ಮೇಲೆ ಅಲ್ಲಿನ ಕಾರುಗಳು ಅಗ್ಗಕ್ಕೆ ಇಲ್ಲಿಗೆ ಬರತೊಡಗಿದವು. ಎನ್‌ಒಸಿ (ಅಲ್ಲಿನ ಆರ್‌ಟಿಒ ಕೊಡುವ ಒಪ್ಪಿಗೆ ಪತ್ರ), ಕರ್ನಾಟಕದ ಲೈಫ್ ಟ್ಯಾಕ್ಸ್ ಸೇರಿಸಿ ಲೆಕ್ಕ ಹಾಕಿದರೆ ಎಷ್ಟೋ ಸಲ ಅಗ್ಗವೇ ಅಲ್ಲ.

ಇನ್ನು ದುಡ್ಡಿನ ಮಾತು. ಕೈಯಲ್ಲಿರುವುದನ್ನೆಲ್ಲ ಕಾರಿಗೇ ಸುರಿಯಬೇಡಿ. ಐದರಲ್ಲಿ ಒಂದು ಪಾಲು ಎತ್ತಿಡಿ. ನನ್ನ ಡಿಸೈರಿಗೆ ಕೊಟ್ಟದ್ದು 3.1 ಲಕ್ಷ. ಮೊದಲ ಮೂರು ತಿಂಗಳಲ್ಲೇ ಕ್ಲಚ್, ನಾಲ್ಕು ಟೈರು, ಸಸ್ಪೆನ್ಷನ್ ಅಂತ 46,000 ಹೋಯಿತು. ಅದು ನನಗೆ ಮೊದಲೇ ಗೊತ್ತಿತ್ತು, ದುಡ್ಡು ಎತ್ತಿಟ್ಟಿದ್ದೆ. ಇಲ್ಲದಿದ್ದರೆ ಸಾಲ ಮಾಡಬೇಕಾಗುತ್ತಿತ್ತು. ಆ ಎತ್ತಿಡುವ ಪಾಲು ಇಲ್ಲದವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ, ಗಾಡಿ ಎಷ್ಟು ಚೆನ್ನಾಗಿದ್ದರೂ ಸರಿ.

ಮೊನ್ನೆ ತಂಗಿ ಒಂದು ಕಾರಿನ ಫೋಟೋ ಕಳಿಸಿದ್ದಳು. 1.4 ಲಕ್ಷ ಓಡಿದೆ, ಒಂಬತ್ತು ವರ್ಷ, ಒಬ್ಬರೇ ಓನರ್, ಬಿಲ್ಲುಗಳೆಲ್ಲ ಇವೆ. "ಭಾನುವಾರ ಬೆಳಿಗ್ಗೆ ಏಳಕ್ಕೆ ಬರ್ತೀವಿ, ಅಲ್ಲಿವರೆಗೂ ಸ್ಟಾರ್ಟ್ ಮಾಡಬೇಡಿ ಅಂತ ಅವರಿಗೆ ಹೇಳು" ಅಂದೆ.