ಜೀವಕೋಶದ ಮೈಮೇಲೆ ಪೀರಿಯೋಡೇಟ್

ಹಾಸನದ ಒಂದು ಕಾಲೇಜಿನಲ್ಲಿ ಬಿಎಸ್ಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಪೀರಿಯೋಡೇಟ್ (ಅಯೋಡಿನ್, ಆಮ್ಲಜನಕ ಸೇರಿದ ಒಂದು ರಾಸಾಯನಿಕ) ಪಾಠ ಬಂದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಪಕ್ಕಪಕ್ಕದ ಇಂಗಾಲಗಳ ಮೇಲೆ ಒಎಚ್ (ಆಮ್ಲಜನಕ-ಹೈಡ್ರೋಜನ್ ಜೋಡಿ) ಇದ್ದರೆ ನಡುವಿನ ಬಂಧ ಕತ್ತರಿಸುತ್ತದೆ, 1 ಗ್ಲೂಕೋಸ್‌ಗೆ 5 ಪೀರಿಯೋಡೇಟ್ ಖರ್ಚು, ಇಷ್ಟನ್ನು ಬಾಯಿಪಾಠ ಮಾಡಿ, ಬರೆದು, ಮರೆತುಬಿಡುತ್ತಾರೆ. ಈ ಸಲ ಸಕಲೇಶಪುರ ಕಡೆಯ ಹುಡುಗಿಯೊಬ್ಬಳು ಕೇಳಿಯೇಬಿಟ್ಟಳು, "ಮೇಡಂ, ಇದನ್ನ ಯಾರು ಎಲ್ಲಿ ಬಳಸ್ತಾರೆ?" ಕ್ಲಾಸಲ್ಲಿ ಅರ್ಧ ಹೇಳಿದ್ದೆ, ಉಳಿದದ್ದು ಇಲ್ಲಿ.

ಜೀವಂತ ಕೋಶದ ಮೇಲೆ ಬಳಸುತ್ತಾರೆ! ಕೋಶದ ಹೊರಮೈ ತುಂಬ ಸಕ್ಕರೆಯ ಸರಪಳಿಗಳಿವೆ. ಎಷ್ಟೋ ಸರಪಳಿಗಳ ತುದಿಯಲ್ಲಿರುವುದು ಸಿಯಾಲಿಕ್ ಆಸಿಡ್ ಎಂಬ ಸಕ್ಕರೆ. ಅದಕ್ಕೊಂದು ಪುಟ್ಟ ಬಾಲ, ಬಾಲದ ಮೂರೂ ಇಂಗಾಲಗಳಲ್ಲಿ ಒಎಚ್. 4 ಡಿಗ್ರಿ ತಂಪಿನಲ್ಲಿ 1 ಮಿಲಿಮೋಲಾರ್ ಪೀರಿಯೋಡೇಟ್ ಸ್ವಲ್ಪ ಹೊತ್ತು ಹಾಕಿದರೆ, ಬೇರೆ ಸಕ್ಕರೆಗಳ ತಂಟೆಗೆ ಅಷ್ಟಾಗಿ ಹೋಗದೆ ಈ ಬಾಲವನ್ನೇ ಕತ್ತರಿಸುತ್ತದೆ. ಅಲ್ಲೊಂದು ಆಲ್ಡಿಹೈಡ್, ಅಂದರೆ ಬೇರೆಯದರ ಜೊತೆ ಸುಲಭವಾಗಿ ಬೆಸೆಯುವ ಗುಂಪು, ಹುಟ್ಟುತ್ತದೆ. ಹೈಡ್ರಜೈಡ್ (ಆಲ್ಡಿಹೈಡ್ ಹಿಡಿಯುವ ಕೊಕ್ಕೆ) ಸೇರಿಸಿದ ಬಯೋಟಿನ್ ಎಂಬ ವಿಟಮಿನ್ ಹಾಕಿದರೆ ಆ ಆಲ್ಡಿಹೈಡನ್ನು ಹುಡುಕಿಕೊಂಡು ಹೋಗಿ ಕೂರುತ್ತದೆ. ಆಮೇಲೆ ಅವಿಡಿನ್ ಎಂಬ ಪ್ರೋಟೀನ್. ಅದಕ್ಕೆ ಬಯೋಟಿನ್ ಹಿಡಿಯುವ 4 ಜಾಗಗಳಿವೆ, ಈ ಕೋಶದ್ದೊಂದು ಆ ಕೋಶದ್ದೊಂದು ಹಿಡಿದು ಎರಡನ್ನೂ ಅಂಟಿಸುತ್ತದೆ. ತಾವಾಗಿ ಬೇಗ ಗುಂಪುಗೂಡದ ಕೋಶಗಳೂ ಉಂಡೆಕಟ್ಟುತ್ತವೆ. ಅಂಗಾಂಶ ಬೆಳೆಸುವವರಿಗೆ ಬೇಕಾದ್ದು ಅದೇ ಅಲ್ವಾ?

ಅಮೆರಿಕದ ರಸಾಯನಶಾಸ್ತ್ರಜ್ಞೆ ಕ್ಯಾರೊಲಿನ್ ಬರ್ಟೋಜಿ ಹಿಡಿದ ದಾರಿ ಇನ್ನೂ ಸೊಗಸು. ಕೋಶಕ್ಕೆ ಉಣಿಸಿಯೇ ಕೆಲಸ ಮಾಡಿಸಿದರು. ಮ್ಯಾನೋಸಮೀನ್‌ಗೆ ಸಣ್ಣದೊಂದು ಅಜೈಡ್ (ಮೂರು ಸಾರಜನಕಗಳ ಸಾಲು) ಸೇರಿಸಿ ಕೊಟ್ಟರೆ, ಕೋಶ ಅದನ್ನು ಮಾಮೂಲಿ ಸಕ್ಕರೆ ಅಂತಲೇ ತಿಳಿದು ಸಿಯಾಲಿಕ್ ಆಸಿಡ್ ಮಾಡಿ ಮೈಮೇಲೆ ತಂದು ನಿಲ್ಲಿಸುತ್ತದೆ. ಜೀನ್ ಮುಟ್ಟುವ ಗೋಜೇ ಇಲ್ಲ. ಹೀಗೆ ಸಕ್ಕರೆಗೆ ಕಟ್ಟಿ ಕಳಿಸಿದ್ದು 1997ರಲ್ಲಿ ಕೀಟೋನ್ ಎಂಬ ಗುಂಪನ್ನು, 2000ದಲ್ಲಿ ಅಜೈಡನ್ನು. ಮೈಮೇಲೆ ಬಂದ ಅಜೈಡ್ ಹಿಡಿದು ಬೇಕಾದ್ದನ್ನು ಅಂಟಿಸಬಹುದು. ಆದರೆ ಅಜೈಡನ್ನು ಆಲ್ಕೈನ್ (ಎರಡು ಇಂಗಾಲಗಳ ನಡುವೆ ಮೂರು ಬಂಧವಿರುವ ಗುಂಪು) ಜೊತೆ ಬೇಗ ಸೇರಿಸಲು ತಾಮ್ರ ಬೇಕಿತ್ತು, ತಾಮ್ರ ಕೋಶಕ್ಕೆ ವಿಷ. 2004ರಲ್ಲಿ ಅವರ ತಂಡ ಆಲ್ಕೈನನ್ನು 8 ಇಂಗಾಲದ ಉಂಗುರದೊಳಗೆ ಬಗ್ಗಿಸಿ ಕೂರಿಸಿತು. ಒತ್ತಿಟ್ಟ ಸ್ಪ್ರಿಂಗ್ ಹಾಗೆ, ತಾಮ್ರವಿಲ್ಲದೆಯೂ ಅಜೈಡ್‌ಗೆ ಬೆಸೆದುಕೊಳ್ಳುತ್ತದೆ. 2022ರಲ್ಲಿ ನೊಬೆಲ್ ಬಂತು, ಶಾರ್ಪ್‌ಲೆಸ್ ಮತ್ತು ಮೆಲ್ಡಾಲ್ ಜೊತೆ.

ಈ ಕೊಂಡಿಗಳು ಕೆಲವೇ ದಿನ ಇರುತ್ತವೆ. ಕೋಶ ತನ್ನ ಪೊರೆಯನ್ನು ಒಳಗೆಳೆದುಕೊಳ್ಳುತ್ತಿರುತ್ತದೆ, ಒಡೆದು ಎರಡಾದಾಗಲೆಲ್ಲ ಕೊಂಡಿಗಳೂ ಹಂಚಿಹೋಗುತ್ತವೆ. ಇದನ್ನು ಕೊರತೆ ಅನ್ನುವವರಿದ್ದಾರೆ. ನನಗಂತೂ ಇದರಲ್ಲಿ ತುಂಬಾ ಇಷ್ಟವಾದದ್ದೇ ಇದು. ಅಷ್ಟರಲ್ಲಿ ಕೋಶಗಳು ತಮ್ಮದೇ ಕೊಲಾಜೆನ್ (ಅಂಗಾಂಶಕ್ಕೆ ಆಧಾರವಾಗುವ ಪ್ರೋಟೀನ್) ಸುರಿಸಿ, ಕೋಶಕ್ಕೆ ಕೋಶ ಅಂಟಿಸುವ ತಮ್ಮದೇ ಕ್ಯಾಡ್ಹೆರಿನ್‌ಗಳಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ನಾವು ಹಚ್ಚಿದ್ದು ನಾಳೆ ರೋಗಿಯ ಮೈಯೊಳಗೆ ಉಳಿಯುವ ಭಯ ಕಡಿಮೆ.

ಕಷ್ಟ ಇರುವುದು ಬೇರೆ ಕಡೆ. ಉಂಡೆ ದಪ್ಪಗಾದರೆ ಆಮ್ಲಜನಕ ನಡುವಿನವರೆಗೆ ಹೋಗುವುದಿಲ್ಲ, ಒಳಗಿನ ಕೋಶಗಳು ಸಾಯುತ್ತವೆ. ಕೋಶಗಳ ಮೈಗೆ ಡಿಎನ್‌ಎ ಎಳೆ ಕಟ್ಟಿ, ಯಾವುದು ಯಾವುದಕ್ಕೆ ಅಂಟಬೇಕು ಅಂತ ಮೊದಲೇ ಗೊತ್ತುಮಾಡುವ ವಿಧಾನ 2009ರಲ್ಲೇ ಬಂದಿದೆ. ಆಮ್ಲಜನಕ ಒಳಗೂ ತಲುಪಲಿ ಅಂತ ಅದೇ ವಿಧಾನದಲ್ಲಿ ರಕ್ತನಾಳದ ಕೋಶಗಳನ್ನೂ ನಡುವೆ ಸೇರಿಸಿ ನೋಡುತ್ತಿದ್ದಾರೆ. ಎಂಎಸ್ಸಿಗೆ ಏನು ಓದಲಿ ಅಂತ ಆ ಹುಡುಗಿ ಕೇಳಿದರೆ, ಮೊದಲು ಇದನ್ನೇ ಹುಡುಕಿ ಓದು ಅನ್ನುತ್ತೇನೆ.